ಕುಷಾಯಿಗೂಡದಲ್ಲಿ ನಾನು ಅಳಿಸಿದ ಒಂಬತ್ತು ಸಾಲು

ಕಾಚಿಗೂಡ

ತುಮಕೂರಿನ ನಮ್ಮ ಪಾಲಿಟೆಕ್ನಿಕ್ಕಿನ ರಜೆ ಅರ್ಜಿಯಲ್ಲಿ ‘ಹೊರದೇಶ ಪ್ರವಾಸವೇ?’ ಎಂದು ಒಂದು ಕಾಲಂ ಇದೆ. ಹೈದರಾಬಾದಿಗೆ ಹತ್ತು ದಿನ ಎಂದು ಬರೆದು ಕೊಟ್ಟಾಗ ಕಚೇರಿಯ ಗುಮಾಸ್ತರು ಅದರ ಮೇಲೆ ಪೆನ್ನು ಹಿಡಿದು ಸ್ವಲ್ಪ ಹೊತ್ತು ಯೋಚಿಸಿದರು. “ದೇಶ ಅಲ್ಲ. ಆದ್ರೆ ಭಾಷೆ ಬೇರೆ, ನೀರು ಬೇರೆ, ಊಟ ಬೇರೆ. ಏನಂತ ಬರೀಲಿ ಮೇಡಂ?” ಎಂದರು. ಕೊನೆಗೆ ಒಂದು ಅಡ್ಡಗೆರೆ ಎಳೆದು ಸಹಿಗೆ ಕಳಿಸಿದರು.

ನಾನು ಅಲ್ಲಿ ಎಲೆಕ್ಟ್ರಾನಿಕ್ಸ್ ಲ್ಯಾಬ್ ಇನ್‌ಸ್ಟ್ರಕ್ಟರ್. ಇಪ್ಪತ್ತೆರಡು ವರ್ಷದಿಂದ ಹುಡುಗರ ಕೈಗೆ ಬೆಸುಗೆ ಕಡ್ಡಿ ಕೊಟ್ಟು, ಅವರು ಸುಟ್ಟುಕೊಳ್ಳುವುದನ್ನು ನೋಡುತ್ತ ಬಂದಿದ್ದೇನೆ. ಹೈದರಾಬಾದಿಗೆ ಕರೆದವಳು ಅನಸೂಯಾ. ಬಹಳ ಹಿಂದೆ ಬೆಂಗಳೂರಿನ ಒಂದು ತರಬೇತಿಯಲ್ಲಿ ಇಬ್ಬರೂ ಒಂದೇ ಕೋಣೆಯಲ್ಲಿದ್ದೆವು. ಬೀದರ ಕಡೆಯವಳು, ಮದುವೆಯಾಗಿ ಹೈದರಾಬಾದು ಸೇರಿ, ಕುಷಾಯಿಗೂಡದ ಒಂದು ಸಣ್ಣ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದಳು. ಅವಳ ತರಗತಿಯ ಮೂವರು ಮಕ್ಕಳು ಮೊದಲ ಸಲ ಒಂದು ರೋಬೋ ಪಂದ್ಯಕ್ಕೆ ಹೆಸರು ಕೊಟ್ಟಿದ್ದರು. “ನನಗ ಪುಸ್ತಕದಾಗಿಂದು ಗೊತ್ತೈತಿ ಸುಧಾ, ಕೈ ಕೆಲಸ ಗೊತ್ತಿಲ್ಲ. ನೀ ಬಂದು ನೋಡು” ಎಂದು ಫೋನಿನಲ್ಲಿ ಹೇಳಿದ್ದಳು.

ಬೆಳಿಗ್ಗೆ ನಾನು ಕಾಚಿಗೂಡ ನಿಲ್ದಾಣದಲ್ಲಿ ಇಳಿದಾಗ ಅನಸೂಯಾ ಪ್ಲಾಟ್‌ಫಾರ್ಮಿನಲ್ಲೇ ನಿಂತಿದ್ದಳು. ಆಟೋದವನೊಂದಿಗೆ ತೆಲುಗಿನಲ್ಲಿ ಮಾತು ಶುರುಮಾಡಿದಳು, ಅವನು ಹಿಂದಿಗೆ ಹೊರಳಿದ, ಇವಳೂ ಹೊರಳಿದಳು, ನಡುವೆ ಗಂಡನ ಫೋನು ಬಂದು ಕನ್ನಡವೂ ಆಯಿತು. ಐದು ನಿಮಿಷದಲ್ಲಿ ಮೂರು ಭಾಷೆ. ಯಾರಿಗೂ ಅದೊಂದು ವಿಶೇಷ ಎನಿಸಿದಂತೆ ಕಾಣಲಿಲ್ಲ. ತುಮಕೂರಿನಲ್ಲಿ ಇಷ್ಟೇ ಚೌಕಾಸಿಯನ್ನು ನಾವು ಒಂದೇ ಭಾಷೆಯಲ್ಲಿ ಮುಗಿಸುತ್ತೇವೆ.

ದಾರಿಯುದ್ದಕ್ಕೂ ಗೋಡೆ, ಕಂಬ, ಆಟೋಗಳ ಬೆನ್ನು ಎಲ್ಲ ಕಡೆ ಕಂಪ್ಯೂಟರ್ ಕೋರ್ಸಿನ ಚೀಟಿಗಳು. ಮೂರು ತಿಂಗಳಲ್ಲಿ ಅಮೆರಿಕ ಎಂದು ಒಂದು ಹೇಳಿದರೆ, ಪಕ್ಕದ್ದು ಎರಡೇ ತಿಂಗಳು ಎನ್ನುತ್ತಿತ್ತು. ಊರಿಗೆ ಊರೇ ಎಲ್ಲಿಗೋ ಹೊರಟು ನಿಂತಂತಿತ್ತು. ನಾವು ಮಾತ್ರ ಎದುರು ದಿಕ್ಕಿನಲ್ಲಿ ಕುಷಾಯಿಗೂಡಕ್ಕೆ ಹೋದೆವು.

ಕುಷಾಯಿಗೂಡ

ಶಾಲೆ ಎರಡು ಅಂತಸ್ತಿನ ಬಾಡಿಗೆ ಮನೆ. ರೋಬೋ ತಯಾರಾಗುತ್ತಿದ್ದದ್ದು ಹಿಂದಿನ ಒಂದು ಕೋಣೆಯಲ್ಲಿ. ಕಿಟಕಿಗೆ ಹಲಗೆ ಹೊಡೆದಿತ್ತು, ಒಂದೇ ಟ್ಯೂಬ್‌ಲೈಟು.

ಮೂವರೂ ಒಂಬತ್ತನೆಯ ತರಗತಿ. ಶ್ರೀಕಾಂತ ತೆಲುಗಿನವನು, ಗಾಲಿ ಮತ್ತು ಮೋಟಾರು ಅವನ ಪಾಲು. ಫರ್ಹಾನಾ ಕಂಪ್ಯೂಟರಿನಲ್ಲಿ ಪ್ರೋಗ್ರಾಮು ಬರೆಯುತ್ತಿದ್ದಳು. ಮಹಾದೇವಿ ವೈರಿಂಗ್ ಮಾಡುತ್ತಿದ್ದಳು, ಮೂವರಲ್ಲಿ ಕನ್ನಡದವಳು ಅವಳೊಬ್ಬಳೇ. ಯಾದಗಿರಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮಗಳು. ತಂದೆ ಟೈಲ್ಸ್ ಹಾಕುವ ಮೇಸ್ತ್ರಿ, ತಾಯಿ ಅದೇ ಕೆಲಸದಲ್ಲಿ ಮರಳು, ಸಿಮೆಂಟು ಹೊರುವವಳು.

ಮೊದಲ ದಿನವೇ ಭಾಷೆ ನನ್ನನ್ನು ಬೀಳಿಸಿತು. ಮಹಾದೇವಿ ಬ್ಯಾಟರಿ ಕೈಯಲ್ಲಿ ಹಿಡಿದು, “ಇದನ್ನ ಹಚ್ಚಲೇನ್ರಿ ಮೇಡಂ?” ಎಂದು ಕೇಳಿದಳು. ನಮ್ಮ ಕಡೆ ಹಚ್ಚುವುದು ದೀಪ, ಒಲೆ, ಬೀಡಿ. ನಾನು ಹೌಹಾರಿ ಬ್ಯಾಟರಿಯನ್ನು ಕಸಿದುಕೊಂಡು ದೂರ ಇಟ್ಟೆ. ಅವಳು ಬೆಪ್ಪಾಗಿ ಅನಸೂಯಾಳ ಮುಖ ನೋಡಿದಳು. ಅನಸೂಯಾ ಕುರ್ಚಿ ಹಿಡಿದುಕೊಂಡು ನಕ್ಕು, “ಜೋಡಸ್ಲಾ ಅಂತ ಕೇಳಾಕತ್ತಾಳ ಆಕಿ. ಇಲ್ಲಿ ಲೈಟೂ ಹಚ್ತೀವಿ, ಬಣ್ಣಾನೂ ಹಚ್ತೀವಿ, ಮಕ್ಕಳನ್ನ ಸಾಲಿಗೂ ಹಚ್ತೀವಿ” ಎಂದಳು. ಸಂಜೆಯ ಹೊತ್ತಿಗೆ ಫರ್ಹಾನಾಳೂ ನನ್ನನ್ನು ನೋಡಿದಾಗೆಲ್ಲ ಬ್ಯಾಟರಿಯನ್ನು ಬೆನ್ನ ಹಿಂದೆ ಮುಚ್ಚಿಡುವ ಆಟ ಕಲಿತಿದ್ದಳು.

ಪಂದ್ಯ ಸರಳವಾದದ್ದು. ದೊಡ್ಡ ಬಿಳಿ ಹಲಗೆಯ ಮೇಲೆ ಅಂಕುಡೊಂಕಾದ ಕಪ್ಪು ಗೆರೆ. ರೋಬೋ ತಾನೇ ಆ ಗೆರೆ ನೋಡಿಕೊಂಡು ಕೊನೆ ಮುಟ್ಟಬೇಕು. ರಿಮೋಟ್ ಇಲ್ಲ, ಕೈ ತಾಗಿಸುವಂತಿಲ್ಲ. ಇವರದಕ್ಕೆ ಮೂರು ಗಾಲಿ, ಹೊಟ್ಟೆಯ ಕೆಳಗೆ ನೆಲ ನೋಡುವ ಎರಡು ಸೆನ್ಸರು. ಅವಕ್ಕೆ ಮಕ್ಕಳು ಕಣ್ಣು ಎನ್ನುತ್ತಿದ್ದರು. ಗುಂಡಿ ಒತ್ತಿದ ಕೂಡಲೇ ಅದು ಹೊರಡುತ್ತಿರಲಿಲ್ಲ. ನಿಂತಲ್ಲೇ ಎಡಕ್ಕೆ ಒಮ್ಮೆ, ಬಲಕ್ಕೆ ಒಮ್ಮೆ ತಲೆ ಆಡಿಸಿ ಆಮೇಲೆ ನಡೆಯುತ್ತಿತ್ತು.

“ಇದ್ಯಾಕೆ ಹೀಗೆ?” ಎಂದು ಕೇಳಿದೆ.

“ಜಡ್ಜ್‌ಗಳಿಗೆ ನಮಸ್ತೆ ಹೇಳುತ್ತೆ ಮೇಡಂ” ಎಂದು ಶ್ರೀಕಾಂತ ಹಿಂದಿಯಲ್ಲಿ ತಮಾಷೆ ಮಾಡಿದ. ಮಹಾದೇವಿ ಏನೋ ಹೇಳಲು ಬಾಯಿ ತೆರೆದಳು. ನಾನು ಆಗಲೇ ಗಾಲಿಯ ಕಡೆ ಬಾಗಿದ್ದೆ.

ಕಲಿಸುವುದಕ್ಕೆ ನನ್ನದೊಂದು ನಿಯಮವಿದೆ. ಕೆಟ್ಟದ್ದನ್ನು ಕೆಡಿಸಿದವರೇ ರಿಪೇರಿ ಮಾಡಬೇಕು, ನಾನು ಮುಟ್ಟುವುದಿಲ್ಲ. ಅದನ್ನು ಅವರಿಗೆ ಹೇಳಿದೆ. ಮೊದಲ ನಾಲ್ಕು ದಿನ ನಡೆದದ್ದೂ ಹಾಗೆಯೇ. ತಂತಿ ಎಲ್ಲಿ ಕಡಿದಿದೆ ಎಂದು ಮೀಟರು ಹಿಡಿದು ಹುಡುಕುವುದನ್ನು ಕಲಿತರು. ಬೆಸುಗೆ ಅಂಟಿದಂತೆ ಕಂಡರೂ ಅಂಟಿರುವುದಿಲ್ಲ ಎಂಬುದನ್ನು ಅದು ನಡುದಾರಿಯಲ್ಲಿ ಬಿಟ್ಟುಕೊಂಡ ಮೇಲೆ ಕಲಿತರು.

ಒಂದು ದಿನ ಊಟದ ಹೊತ್ತಿಗೆ ಅನಸೂಯಾ ಇನ್ನೊಂದು ವಿಷಯ ಹೇಳಿದಳು. ಮಹಾದೇವಿಯ ತಂದೆ ಕೆಲಸ ಮಾಡುತ್ತಿದ್ದ ಕಟ್ಟಡ ಮುಗಿಯುತ್ತ ಬಂದಿತ್ತು. ಅವನ ಗುಂಪು ಪುಣೆಗೆ ಹೊರಟಿತ್ತು. ಮಗಳನ್ನೂ ಕರೆದೊಯ್ಯುವವನಿದ್ದ. ಪುಣೆಯಲ್ಲಿ ಅವಳಿಗೆ ಯಾವ ಶಾಲೆ, ಯಾವ ಭಾಷೆ ಎಂದು ಯಾರಿಗೂ ಗೊತ್ತಿರಲಿಲ್ಲ. ಪಂದ್ಯದಲ್ಲಿ ಗೆದ್ದ ಮೊದಲ ಎರಡು ತಂಡಗಳಿಗೆ ಚೆನ್ನೈಯಲ್ಲಿ ಮುಂದಿನ ಸುತ್ತು ಎಂದು ಕೇಳಿ, “ಚೆನ್ನೈಗೆ ಹೋಗೂಹಂಗಾದ್ರ ಇಲ್ಲೇ ಇರ್ಲಿ, ಇಲ್ಲಾಂದ್ರ ನಮ್ಮ ಜೊತಿ ಬರ್ಲಿ” ಎಂದಿದ್ದನಂತೆ.

“ಅಷ್ಟಕ್ಕ ನಿನ್ನ ಕರಸೀನಿ ಅಂತ ತಿಳ್ಕೋಬ್ಯಾಡ” ಎಂದಳು ಅನಸೂಯಾ. ಅಷ್ಟಕ್ಕೇ ಕರೆಸಿದ್ದಾಳೆ ಎಂದು ನನಗೆ ಗೊತ್ತಾಯಿತು.

ಕೋಠಿ

ಐದನೆಯ ದಿನ ಒಂದು ಮೋಟಾರು ಸುಟ್ಟಿತು. ಅನಸೂಯಾ ಮತ್ತು ನಾನು ಕೋಠಿಯ ಗಲ್ಲಿಗೆ ಹೋದೆವು. ಎರಡೂ ಕಡೆ ಬಿಡಿಭಾಗಗಳ ಗೂಡಂಗಡಿಗಳು, ಬೆಂಗಳೂರಿನ ಎಸ್.ಪಿ. ರಸ್ತೆಯ ಹಾಗೆ. ವ್ಯತ್ಯಾಸ ಒಂದೇ. ಎಸ್.ಪಿ. ರಸ್ತೆಯಲ್ಲಿ ವಸ್ತು ಇಲ್ಲದಿದ್ದರೆ ಇಲ್ಲ ಎಂದು ಅಟ್ಟುತ್ತಾರೆ. ಇಲ್ಲಿ ಇಲ್ಲ ಎನ್ನುವುದೇ ಇಲ್ಲ. ಮೊದಲು ಕೂರಿಸಿ ಚಹಾ ತರಿಸುತ್ತಾರೆ.

ಅಂಗಡಿಯ ಮುದುಕರು ನಮ್ಮ ಸುಟ್ಟ ಮೋಟಾರನ್ನು ಕನ್ನಡಕದ ಹತ್ತಿರ ಹಿಡಿದು, ಇಂಥದ್ದು ‘ಪರ್ಸೋಂ’ ಬಂದಿತ್ತು ಎಂದರು. ಮೊನ್ನೆ ತಾನೆ ಬಂದದ್ದು ಖಾಲಿಯಾಗಿದೆ ಎಂದು ನಾನು ಅರ್ಥಮಾಡಿಕೊಂಡೆ. ಮತ್ತೆ ಯಾವಾಗ ಬರುತ್ತದೆ ಎಂದರೆ ಅದೂ ಪರ್ಸೋಂ; ಹಿಂದಿಯಲ್ಲಿ ನಾಡಿದ್ದಿಗೂ ಅದೇ ಮಾತು. ನಾಡಿದ್ದು ಬರೋಣವೆಂದು ನಾನು ಎದ್ದೆ. ಅನಸೂಯಾ ನನ್ನ ಸೆರಗು ಹಿಡಿದು ಕೂರಿಸಿದಳು. “ಇವ್ರ ಪರ್ಸೋಂ ಅಂದ್ರ ಮೊನ್ನೀನೂ ಆತು, ಹೋದ ವರ್ಷಾನೂ ಆತು. ಹಂಗ ಹೋದ್ರ ಸಿಗಂಗಿಲ್ಲ, ಕುಂತ್ರ ಸಿಗ್ತದ” ಎಂದಳು. ನಿಜಕ್ಕೂ ಎರಡನೆಯ ಚಹಾ ಮುಗಿಯುವಷ್ಟರಲ್ಲಿ ಮುದುಕರು ಮೇಲಿನ ಅಟ್ಟದಿಂದ ಒಂದು ಡಬ್ಬಿ ಇಳಿಸಿದರು. ಅದರಲ್ಲಿ ಅದೇ ಮೋಟಾರು ಇತ್ತು, ಧೂಳಿನ ಅಡಿಯಲ್ಲಿ.

ಕುಳಿತು ಕಾಯುವುದು ನನಗೆ ಬರುವುದಿಲ್ಲ. ಎರಡನೆಯ ಚಹಾವನ್ನು ನಾನು ಅರ್ಧಕ್ಕೇ ಬಿಟ್ಟಿದ್ದೆ.

ಪಂದ್ಯದ ಹಿಂದಿನ ದಿನ

ಹೊಸ ಮೋಟಾರು ಹಳೆಯದಕ್ಕಿಂತ ಚುರುಕು. ರೋಬೋ ಬಲತಿರುವಿನಲ್ಲಿ ಗೆರೆ ಬಿಟ್ಟು ಹಾರತೊಡಗಿತು. ಪ್ರೋಗ್ರಾಮಿನ ತಪ್ಪು ಎಂದು ಶ್ರೀಕಾಂತ, ಗಾಲಿಯ ತಪ್ಪು ಎಂದು ಫರ್ಹಾನಾ. ಮಧ್ಯಾಹ್ನದ ಹೊತ್ತಿಗೆ ಇಬ್ಬರೂ ಮಾತು ಬಿಟ್ಟಿದ್ದರು. ಮಹಾದೇವಿ ಒಬ್ಬಳೇ ಮತ್ತೆ ಮತ್ತೆ ಓಡಿಸಿ, ಎಲ್ಲಿ ಬೀಳುತ್ತದೆಯೋ ಅಲ್ಲಿ ಸೀಮೆಸುಣ್ಣದ ಗುರುತು ಹಾಕುತ್ತಿದ್ದಳು. ಊಟದ ಗಂಟೆ ಹೊಡೆಯಿತು. ಮೂವರೂ ಹೋದರು.

ನಾನು ಕಂಪ್ಯೂಟರಿನ ಮುಂದೆ ಕುಳಿತೆ. ನೋಡಲಿಕ್ಕೆ ಎಂದೇ ಕುಳಿತದ್ದು. ತಿರುವಿನಲ್ಲಿ ವೇಗ ಇಳಿಸುವ ಒಂದು ಅಂಕಿ ಬದಲಿಸಿದರೆ ಸಾಕಿತ್ತು. ಬದಲಿಸಿದೆ. ಓಡಿಸಿ ನೋಡಿದೆ, ಸರಿಹೋಗಿತ್ತು. ಅಲ್ಲಿಗೆ ಏಳಬಹುದಿತ್ತು. ಆದರೆ ಮೇಲುಗಡೆ ತಲೆ ಆಡಿಸುವ ಒಂಬತ್ತು ಸಾಲು ಕಣ್ಣಿಗೆ ಬಿತ್ತು. ಮೂರು ಸೆಕೆಂಡು ಅದಕ್ಕೇ ಹೋಗುತ್ತಿತ್ತು. ಅಳಿಸಿದೆ. ಕಪ್ಪು ಎಂದರೆ ಇಷ್ಟು, ಬಿಳಿ ಎಂದರೆ ಇಷ್ಟು ಎಂದು ಆ ಕೋಣೆಯಲ್ಲಿ ಅಳೆದ ಎರಡು ಅಂಕಿಗಳನ್ನು ಅಲ್ಲಿ ಕೂರಿಸಿದೆ. ರೋಬೋ ಹಳಿಯ ಮೇಲಿನ ರೈಲಿನಂತೆ ಓಡಿತು. ಯಾರೂ ನೋಡುತ್ತಿರಲಿಲ್ಲ. ನನಗೆ ತುಂಬ ಸಂತೋಷವಾಯಿತು ಎಂಬುದನ್ನು ಇಲ್ಲಿ ಹೇಳಲೇಬೇಕು.

ಮಕ್ಕಳು ಬಂದು ನೋಡಿದರು. ಶ್ರೀಕಾಂತ ಸಿಳ್ಳೆ ಹಾಕಿದ. ಮಹಾದೇವಿ ಎರಡು ಸಲ ಓಡಿಸಿ, ಕೈಯಲ್ಲಿ ಎತ್ತಿಕೊಂಡಳು.

“ತಲಿ ಆಡಸವಲ್ದಲ್ರಿ ಮೇಡಂ.”

“ಅದು ಬೇಡ. ಸುಮ್ಮನೆ ಹೊತ್ತು ಹಾಳು.”

“ಬ್ಯಾರೆ ಜಾಗಾಕ ಹೋದ್ರ…”

“ಎಲ್ಲಿ ಹೋದ್ರೂ ಕಪ್ಪು ಕಪ್ಪೇ, ಬಿಳಿ ಬಿಳೀನೇ. ಈಗ ಅಭ್ಯಾಸ ಮಾಡಿ” ಎಂದೆ.

ಅವಳು “ಹೂಂ ರೀ” ಎಂದು ರೋಬೋವನ್ನು ಗೆರೆಯ ಮೇಲೆ ಇಟ್ಟಳು. ಫರ್ಹಾನಾ ಎಂದಿನಂತೆ ಸಂಜೆ ತನ್ನ ಪೆನ್ ಡ್ರೈವನ್ನು ಕತ್ತಿಗೆ ಹಾಕಿಕೊಂಡು ಮನೆಗೆ ಹೋದಳು. ದಿನದ ಪ್ರೋಗ್ರಾಮನ್ನು ಅದರಲ್ಲಿ ಇಟ್ಟುಕೊಳ್ಳುವುದು, ಹಿಂದಿನ ಯಾವುದನ್ನೂ ಅಳಿಸದೆ ಇರುವುದು ಅವಳ ಪದ್ಧತಿ.

ಉಪ್ಪಲ್

ಪಂದ್ಯ ಉಪ್ಪಲ್‌ನ ಒಂದು ಸಾಫ್ಟ್‌ವೇರ್ ಕಂಪನಿಯ ಕಟ್ಟಡದಲ್ಲಿ. ಕೆಳಗಿನ ಹಜಾರಕ್ಕೆ ಗೋಡೆಗಳೇ ಇರಲಿಲ್ಲ. ಮೂರು ಕಡೆ ನೆಲದಿಂದ ಚಾವಣಿಯವರೆಗೆ ಗಾಜು. ಬಿಸಿಲು ನೇರವಾಗಿ ಇಡೀ ಹಲಗೆಯ ಮೇಲೆ ಬಿದ್ದಿತ್ತು. ಹನ್ನೊಂದು ಶಾಲೆಗಳು ಬಂದಿದ್ದವು. ಕೆಲವು ಮಕ್ಕಳು ಒಂದೇ ಬಣ್ಣದ ಅಂಗಿ, ಹೆಸರು ಹೊಲಿದ ಟೋಪಿ ಹಾಕಿಕೊಂಡಿದ್ದರು. ನಮ್ಮವರು ರೋಬೋವನ್ನು ಬಿಸ್ಕತ್ತಿನ ರಟ್ಟಿನ ಪೆಟ್ಟಿಗೆಯಲ್ಲಿ ತಂದಿದ್ದರು. ಮಹಾದೇವಿ ಒಳಗೆ ಬಂದವಳೇ ನೆಲ ನೋಡಿ, “ಇದು ಚಲೋ ಕೂಡ್ಸ್ಯಾರ” ಎಂದಳು. ಟೈಲ್ಸಿನ ಮಾತು.

ಪ್ರತಿ ತಂಡಕ್ಕೆ ಎರಡು ಓಟ, ಎರಡರ ಅಂಕ ಕೂಡಿಸುತ್ತಾರೆ. ನಡುವೆ ಹದಿನೈದು ನಿಮಿಷ. ಕಲಿಸುವವರು ರಿಬ್ಬನ್ನಿನ ಆಚೆ ನಿಲ್ಲಬೇಕು, ಮಾತನಾಡುವಂತಿಲ್ಲ.

ಮೊದಲ ಓಟದಲ್ಲಿ ನಮ್ಮ ರೋಬೋ ಗುಂಡಿ ಒತ್ತಿದ ಕೂಡಲೇ ಚಿಮ್ಮಿತು. ಆ ಬಿಸಿಲಿನಲ್ಲಿ ನಾಲ್ಕು ಗೇಣು ಹೋಯಿತು. ಅಲ್ಲಿ ಅದಕ್ಕೆ ಕಪ್ಪೂ ಬಿಳಿಯೇ ಆಗಿಹೋಯಿತು. ಗೆರೆ ಬಿಟ್ಟು, ಹಲಗೆ ಬಿಟ್ಟು, ತೀರ್ಪುಗಾರರೊಬ್ಬರ ಬೂಟಿಗೆ ಬಡಿದು ನಿಂತಿತು. ಸೊನ್ನೆ.

ಏನಾಯಿತೆಂದು ನನಗೆ ಆ ಕ್ಷಣದಲ್ಲೇ ತಿಳಿಯಿತು. ತಲೆ ಆಡಿಸುತ್ತ ಅದು ಮಾಡುತ್ತಿದ್ದದ್ದು ಇಷ್ಟೇ: ಆ ಜಾಗದ ಬೆಳಕಿನಲ್ಲಿ ಗೆರೆ ಎಷ್ಟು ಕಪ್ಪು, ಹಲಗೆ ಎಷ್ಟು ಬಿಳಿ ಎಂದು ಅಳೆದುಕೊಳ್ಳುತ್ತಿತ್ತು. ಅದನ್ನು ಅಳಿಸಿ ನಾನು ಕುಷಾಯಿಗೂಡದ ಕತ್ತಲೆ ಕೋಣೆಯ ಅಂಕಿಗಳನ್ನು ಉಪ್ಪಲ್‌ಗೆ ಕಳಿಸಿದ್ದೆ. ಇಪ್ಪತ್ತೆರಡು ವರ್ಷ ಕಲಿಸಿದವಳಿಗೆ ಹೊಳೆಯದ ವಿಷಯ ಅದೇನಲ್ಲ. ಯಾಕೆ ಎಂದು ಕೇಳಿ ಉತ್ತರಕ್ಕೆ ನಿಂತಿದ್ದರೆ ಸಾಕಿತ್ತು.

ರಿಬ್ಬನ್ನಿನ ಆಚೆ ನಿಂತು ನೋಡಿದೆ. ಶ್ರೀಕಾಂತ ಗಾಲಿ ಬಿಚ್ಚಲು ಹೊರಟಿದ್ದ. ಮಹಾದೇವಿ ಅವನ ಕೈ ಹಿಡಿದಳು, ತಲೆ ಎತ್ತಿ ಹಜಾರದ ಈ ಕಡೆಗೆ ನನ್ನನ್ನು ನೋಡಿದಳು. ಅನುಮತಿ ಕೇಳುವ ನೋಟ. ಮಾತನಾಡುವಂತಿರಲಿಲ್ಲ. ನಾನು ಕೈಯನ್ನು ಎದೆಯ ಮೇಲಿಟ್ಟು, ತಪ್ಪು ನನ್ನದು ಎಂಬಂತೆ ತಲೆ ಬಗ್ಗಿಸಿದೆ. ಅಷ್ಟು ಸಾಕಾಯಿತು. ಫರ್ಹಾನಾ ಕತ್ತಿನಿಂದ ಪೆನ್ ಡ್ರೈವ್ ತೆಗೆದು, ಅಲ್ಲಿಟ್ಟಿದ್ದ ಕಂಪ್ಯೂಟರಿಗೆ ಸಿಕ್ಕಿಸಿ, ಹಳೆಯ ಪ್ರೋಗ್ರಾಮು ತೆರೆದಳು.

ಎರಡನೆಯ ಓಟಕ್ಕೆ ಕರೆದರು. ಗುಂಡಿ ಒತ್ತಿದ ಮೇಲೆ ರೋಬೋ ಹೊರಡಲಿಲ್ಲ. ಎಡಕ್ಕೆ ನೋಡಿತು, ಬಲಕ್ಕೆ ನೋಡಿತು. ಟೋಪಿಯ ಮಕ್ಕಳು ಯಾರೋ ನಕ್ಕರು. ಆಮೇಲೆ ಅದು ಅದೇ ಬಿಸಿಲಿನಲ್ಲಿ ಗೆರೆ ಹಿಡಿದು, ತಿರುವಿನಲ್ಲಿ ಸ್ವಲ್ಪ ತಡವರಿಸಿ, ಕೊನೆ ಮುಟ್ಟಿತು. ತಿರುವಿನ ವೇಗವನ್ನು ಅವರೇ ಅಲ್ಲಿ ಕುಳಿತು ಸರಿಮಾಡಿದ್ದರು. ಆ ದಿನದ ಅತಿ ಒಳ್ಳೆಯ ಓಟಗಳಲ್ಲಿ ಅದು ಎರಡನೆಯದು.

ಬಿಸಿಲು ಬೇರೆ ತಂಡಗಳನ್ನೂ ಕೆಡಿಸಿತ್ತು; ಎರಡೂ ಕೂಡಿಸಿದಾಗ ನಮ್ಮದು ಮೂರನೆಯ ಸ್ಥಾನ. ಚೆನ್ನೈ ಎರಡೇ ತಂಡಕ್ಕೆ.

ತೀರ್ಪುಗಾರರು ಮೊದಲ ಓಟಕ್ಕೆ ಏನಾಗಿತ್ತು ಎಂದು ಕೇಳಿದರು. “ಪ್ರೋಗ್ರಾಮ್ ಬದಲ್ ಗಯಾ ಥಾ, ಸರ್” ಎಂದಳು ಮಹಾದೇವಿ. ತಾನಾಗಿಯೇ ಬದಲಾಯಿತು ಎಂಬಂತೆ. ನಾನು ರಿಬ್ಬನ್ನು ದಾಟಿ ಹೋಗಿ, ಬದಲಿಸಿದ್ದು ನಾನು ಎಂದು ಹೇಳಿದೆ. ಅವರು ಸಭ್ಯರು, ಬೇಸರಿಸದೆ ಕೇಳಿಸಿಕೊಂಡರು. ಅದರಿಂದ ಅಂಕ ಬದಲಾಗುವುದಿಲ್ಲ ಎಂದರು. ಅದು ಸರಿಯೇ.

ಬಸ್ಸಿನಲ್ಲಿ ರೋಬೋದ ಪೆಟ್ಟಿಗೆ ಮಹಾದೇವಿಯ ತೊಡೆಯ ಮೇಲಿತ್ತು. ಇಳಿಯುವ ಮುಂಚೆ ಫರ್ಹಾನಾ, “ಹೋತಾ ಮೇಡಂ, ನಕ್ಕೋ ಸೋಚೋ” ಎಂದಳು. ಹೀಗಾಗುತ್ತದೆ, ಯೋಚಿಸಬೇಡಿ ಎಂದು.

ಶೆಡ್ಡು

ಮರುದಿನ ಭಾನುವಾರ, ಸಂಜೆ ನನ್ನ ರೈಲು. ಬೆಳಿಗ್ಗೆ ಅನಸೂಯಾಳ ಜೊತೆ ಮಹಾದೇವಿಯ ಮನೆಗೆ ಹೋದೆ. ಕಟ್ಟಡದ ಹಿಂದೆ ತಗಡಿನ ಶೆಡ್ಡುಗಳ ಸಾಲು. ಅವಳ ತಂದೆ ಶರಣಪ್ಪ ಹೊರಗೆ ಟೈಲ್ಸ್ ಕತ್ತರಿಸುವ ಯಂತ್ರ ಒರೆಸುತ್ತಿದ್ದ. ಪುಣೆಗೆ ಹೊರಟ ಗಂಟುಗಳು ಗೋಡೆಗೆ ಒರಗಿದ್ದವು. ತಾಯಿ ನಾಗಮ್ಮ ರೊಟ್ಟಿ ಬಡಿಯುತ್ತಿದ್ದಳು.

“ಬರ್ರಿ. ಮಗಳು ಸೋತೀನಿ ಅಂದ್ಲು” ಎಂದ ಶರಣಪ್ಪ.

“ಅವಳು ಸೋಲಲಿಲ್ಲ, ನಾನು ಸೋಲಿಸಿದೆ. ಚೆನ್ನಾಗಿ ಓಡ್ತಿದ್ದದ್ದನ್ನ ಅವಳನ್ನ ಕೇಳದೆ ಬದಲಾಯಿಸಿದೆ. ಇಲ್ಲದಿದ್ರೆ ಚೆನ್ನೈಗೆ ಹೋಗ್ತಿದ್ರು. ಅದನ್ನ ನಿಮಗೆ ನಾನೇ ಹೇಳಬೇಕು ಅಂತ ಬಂದೆ.”

ಅವನು ಬಟ್ಟೆ ಪಕ್ಕಕ್ಕಿಟ್ಟ. “ನೀವು ರೇಡಿಯೋದಾಗ ಮಾತಾಡಿದಂಗ ಮಾತಾಡ್ತೀರಿ, ಅಕ್ಕಾರ. ಏನ್ ಬದಲಾ ಮಾಡಿದ್ರಿ?”

ನಾನು ಹೇಳತೊಡಗಿದೆ. ಸೆನ್ಸರು, ಬೆಳಕು, ಅಂಕಿ. ಅವನ ಮುಖ ನೋಡಿದರೆ ಏನೂ ಮುಟ್ಟುತ್ತಿರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಮಹಾದೇವಿ ಮುಂದೆ ಬಂದಳು.

“ಅಪ್ಪ, ನೀ ಹೊಸ ಮನ್ಯಾಗ ಫರಸಿ ಹಾಕೂಮುಂಚೆ ನಾಕೂ ಮೂಲ್ಯಾಗ ನೀರಿನ ಲೆವೆಲ್ ಪೈಪ್ ಹಿಡದು ನೋಡ್ತಿಯಲ್ಲ, ಹಂಗ. ಅದು ಮೊದಲ ನೆಲ ನೋಡ್ಕೊಂಡು ಆಮ್ಯಾಲೆ ಹೊಂಡ್ತಿತ್ತು. ನಿನ್ನ ನೋಡೇ ಮಾಡಿದ್ವಿ.”

“ನನ್ನ ನೋಡಿ?”

“ಹೂಂ.”

ಅವನು ಯಂತ್ರದ ಮೇಲೆ ಕೈಯಾಡಿಸಿದ. ಆಮೇಲೆ ನನ್ನ ಕಡೆ ತಿರುಗಿ, ಮೇಸ್ತ್ರಿಯ ಗಾಂಭೀರ್ಯದಲ್ಲಿ, “ಅದನ್ನ ತಗೀಬಾರದಿತ್ರಿ. ಲೆವೆಲ್ ನೋಡದ ಹಾಕಿದ್ರ ಬಚ್ಚಲ ನೀರು ಮನಿಯೊಳಗ ಬರ್ತದ” ಎಂದ.

“ಹೌದು” ಎಂದೆ.

ನಾಗಮ್ಮ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿ, ಗಂಡನನ್ನು ನೋಡದೆ ಹೇಳಿದಳು: “ನೀ ಪುಣಾಕ ಹೋಗು. ನಾ ಇಲ್ಲೇ ಕೆಲಸ ಹಿಡೀತೀನಿ. ಈಕಿ ಸಾಲಿ ಮುಗೀಲಿ.”

“ಚೆನ್ನೈ ಇಲ್ಲಲ್ಲ ಈಗ?”

“ಚೆನ್ನೈ ಯಾರಿಗ್ ಬೇಕಾಗೇತಿ? ಸಾಲಿ ಇಲ್ಲೈತಿ.”

ಶರಣಪ್ಪ ಗಂಟುಗಳನ್ನು ನೋಡಿದ, ಮಗಳನ್ನು ನೋಡಿದ. “ಮನಿ?” ಎಂದ. ಕಟ್ಟಡ ಮುಗಿದರೆ ಶೆಡ್ಡು ಬಿಡಬೇಕಾಗಿತ್ತು. ಅನಸೂಯಾ ತನ್ನ ಮನೆಯ ಹಿಂದಿನ ಕೋಣೆ ಖಾಲಿ ಇದೆ ಎಂದಳು. ಅವನು ಎದ್ದು ಹೋಗಿ ಗಂಟುಗಳಲ್ಲಿ ಒಂದನ್ನು ಬಿಚ್ಚಿ ಮಗಳ ಪುಸ್ತಕಗಳನ್ನು ಹೊರಗೆ ತೆಗೆದಿಟ್ಟ. ನಮಗೆ ರೊಟ್ಟಿ, ಪುಂಡಿಪಲ್ಯ ಬಡಿಸಿದರು. ಆ ಪಲ್ಯದ ಹುಳಿ ನಮ್ಮ ಕಡೆಯ ನಾಲಿಗೆಗೆ ಹೆಚ್ಚು. ಎರಡು ಸಲ ಹಾಕಿಸಿಕೊಂಡೆ.

ಬಸ್ ನಿಲ್ದಾಣದವರೆಗೆ ಮಹಾದೇವಿ ಬಂದಳು. ಅನಸೂಯಾ ಹಣ್ಣು ಕೊಳ್ಳಲು ಹಿಂದೆ ಉಳಿದಿದ್ದಳು. ಇಬ್ಬರೇ ನಿಂತಿದ್ದೆವು.

“ಮೇಡಂ, ತುಮಕೂರಾಗ ನೀವು ತಪ್ಪಿದ್ರ ನಿಮ್ಮ ಹುಡುಗ್ರು ಹೇಳ್ತಾರೇನ್ರಿ?”

ಯೋಚಿಸಿ ನೋಡಿದೆ. ಇಪ್ಪತ್ತೆರಡು ವರ್ಷದಲ್ಲಿ ಅಂಥ ಒಂದು ದಿನವೂ ನೆನಪಿಗೆ ಬರಲಿಲ್ಲ.

“ಇಲ್ಲ” ಎಂದೆ.

“ಯಾಕ್ರಿ?”

“ನಾನು ಹೇಳೋಕೆ ಬಿಟ್ಟಿಲ್ಲ.”

ಅವಳಿಗೆ ಅದರಲ್ಲಿ ಅಚ್ಚರಿಯೇನೂ ಕಾಣಲಿಲ್ಲ. ಬ್ಯಾಟರಿ ಇಳಿದಿದೆ ಎಂದು ಮೀಟರು ತೋರಿಸಿದಾಗ ಹೇಗೆ ತಲೆ ಆಡಿಸುತ್ತಿದ್ದಳೋ ಹಾಗೆಯೇ ತಲೆ ಆಡಿಸಿದಳು.

“ಇನ್ನ ಮ್ಯಾಲೆ ಬಿಡ್ರಿ” ಎಂದಳು. ಆಮೇಲೆ ಬಸ್ಸು ಬರುತ್ತಿದೆಯೇ ಎಂದು ರಸ್ತೆಯ ಕಡೆ ನೋಡಿದಳು.